ಸೈಡ್ ಮುಗಿದರೆ ನೀರು

ಏಪ್ರಿಲ್ 3, ಶುಕ್ರವಾರ, ಬೆಳಿಗ್ಗೆ 5.40

ರೆಕಾರ್ಡ್ ಪ್ಲೇಯರಿನ ಮುಳ್ಳು ಒರೆಸಿ ಇಟ್ಟೆ. ‘ಉಪ್ಪು’ ಆಲ್ಬಮ್ಮಿನ ಎರಡನೇ ಸೈಡ್ ಫೋನಿಗೆ ಇಳಿಯುತ್ತಿದೆ. ಮುಗಿಯುವವರೆಗೆ ಮನೆಯಲ್ಲಿ ಯಾರೂ ಸದ್ದು ಮಾಡುವ ಹಾಗಿಲ್ಲ. ಗಂಡ ತುದಿಗಾಲಲ್ಲಿ ಬಂದು ಕಿವಿಯಲ್ಲಿ ಕೇಳಿದರು— “ಕೆಮ್ಮಬಹುದಾ?”

“ಬೇಡ.”

ಪಾಪ, ಟವೆಲ್ಲಿನೊಳಗೆ ಕೆಮ್ಮಿದರು.

ಈ ವರ್ಷದ ಬೇಸಿಗೆಯ ಪಟ್ಟಿ ಸಿದ್ಧ. ಏಳು ಆಲ್ಬಂ. ಎಂಟನೆಯದು ಬೇಕೆನಿಸಿದರೆ ಒಂದು ಹೊರಗೆ ಹೋಗಬೇಕು, ಅದು ನನ್ನ ಕಾನೂನು. ಏಳು ಆಲ್ಬಂ ಎಂದರೆ ಹದಿನಾಲ್ಕು ಸೈಡ್. ಒಂದೊಂದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಊಟ, ನೀರು ಎಲ್ಲ ಸೇರಿದರೆ ನಮ್ಮ ಶಿಫ್ಟ್‌ಗೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಬೇಸಿಗೆಗೆ ತಂಪಾದ ಹಾಡು ಬೇಕು ಅನ್ನುವವರಿಗೆ ಬೇಸಿಗೆಯೂ ಗೊತ್ತಿಲ್ಲ, ಹಾಡೂ ಗೊತ್ತಿಲ್ಲ. ಬೇಸಿಗೆಯ ಆಲ್ಬಂ ಬಿಸಿಲನ್ನು ಒಪ್ಪಿಕೊಳ್ಳಬೇಕು. ವಾದ್ಯ ಕಡಿಮೆ ಇರಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಗಾಳಿ ಆಡಬೇಕು. ಹಾಡುವವರಿಗೆ ಎಲ್ಲಿಗೂ ಹೋಗುವ ಅವಸರ ಇರಬಾರದು. ‘ಖಾಲಿ ಈಜುಕೊಳ’ ಹಾಗಿದೆ. ಆತ ಈಗಷ್ಟೇ ನಿದ್ದೆಯಿಂದ ಎದ್ದವನ ಹಾಗೆ ಹಾಡುತ್ತಾನೆ, ಗಿಟಾರು ಬೇಕಾದಾಗ ಬರುತ್ತದೆ, ಬೇಡವಾದಾಗ ಇಲ್ಲ. ಇಪ್ಪತ್ತು ಬೇಸಿಗೆ ಕೇಳಿದ್ದೇನೆ. ಇನ್ನೂ ಸಾಕಾಗಿಲ್ಲ.

6.05. ಮುಗಿಯಿತು. ಮನೆಗೆ ಕೆಮ್ಮಲು ಅನುಮತಿ ಕೊಟ್ಟೆ.

ಏಪ್ರಿಲ್ 4, ಶನಿವಾರ

ಇಸ್ತ್ರಿ ರೋಲರ್ ಪಕ್ಕದಲ್ಲಿ ನಲವತ್ತೊಂದು ಡಿಗ್ರಿ. ಆಸ್ಪತ್ರೆಯ ಮೇಲಿನ ಮಹಡಿಗಳೆಲ್ಲ ಎಸಿ. ನೆಲಮಾಳಿಗೆಯ ಲಾಂಡ್ರಿಗೆ ಮಾತ್ರ ಎರಡು ಫ್ಯಾನು, ಅವೂ ಬಿಸಿ ಗಾಳಿಯನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸುತ್ತವೆ ಅಷ್ಟೆ.

ಒದ್ದೆ ಬೆಡ್‌ಶೀಟನ್ನು ಆ ತುದಿಯಲ್ಲಿ ಹೊಸಬಳು, ಈ ವರ್ಷ ಸೇರಿದವಳು, ರೋಲರಿನೊಳಗೆ ಬಿಡುತ್ತಾಳೆ. ಈ ತುದಿಯಲ್ಲಿ ಇಸ್ತ್ರಿಯಾಗಿ ಬರುತ್ತದೆ. ನಾನು ಎರಡು ಮೂಲೆ ಹಿಡಿಯುತ್ತೇನೆ, ಅಕ್ಕ ಎರಡು ಮೂಲೆ. ಮಡಿಸು, ಹತ್ತಿರ ಬಾ, ಮೂಲೆ ಕೊಡು, ದೂರ ಹೋಗು. ಅಕ್ಕ ನನ್ನ ಒಡಹುಟ್ಟಿದವಳಲ್ಲ. ನನ್ನ ಜೋಡಿ. ಹನ್ನೊಂದು ವರ್ಷದಿಂದ ದಿನಕ್ಕೆ ನಾನೂರು ಸಲ ಎದುರುಬದುರಾಗುತ್ತೇವೆ. ನನ್ನ ಗಂಡನ ಮುಖವನ್ನೂ ಅಷ್ಟು ನೋಡಿಲ್ಲ.

ಇವತ್ತಿನಿಂದ ಸ್ಪೀಕರ್ ಶುರು. ನಿಯಮ ಹೋದ ವರ್ಷದ್ದೇ— ಸೈಡ್ ಮುಗಿದರೆ ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ನೀರು ಕುಡಿಯಬೇಕು. ಬಾಯಾರಿಕೆ ಇರಲಿ, ಇಲ್ಲದಿರಲಿ.

ಅಕ್ಕ ಇವತ್ತು ಮಾತು ಕಮ್ಮಿ. ಹೋದ ವರ್ಷದಿಂದ ಹಿಡಿದ ಉದ್ದ ತೋಳಿನ ರವಿಕೆಯನ್ನು ಈ ಸೆಕೆಯಲ್ಲೂ ಬಿಟ್ಟಿಲ್ಲ. ಕೇಳಿದರೆ ಕೇಳಿಸದ ಹಾಗೆ ಮಾಡಿದಳು.

ಏಪ್ರಿಲ್ 9, ಗುರುವಾರ

ಸ್ಪೀಕರ್ ಹೋಯಿತು. ಸೂಪರ್‌ವೈಸರ್ ತಾವೇ ಬಂದು ವೈರ್ ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ‘ಛತ್ರಿ ರಿಪೇರಿ’ಯ ಮೂರನೇ ಹಾಡಿನ ನಟ್ಟನಡುವೆ. ಹಾಡನ್ನಾದರೂ ಮುಗಿಯಲು ಬಿಡಬಾರದೇ.

“ಕಂಪ್ಲೇಂಟ್ ಬಂದಿದೆ ಅಮ್ಮ.”

“ಯಾರ್ದು ಸರ್?”

“ಯಾರದ್ದಾದ್ರೇನು? ಸದ್ದಿನಿಂದ ತೊಂದ್ರೆ ಅಂತ ಹೇಳಿದಾರೆ. ಮುಗೀತು.”

ಮೇಲಿನ ವಾರ್ಡಿನವರಿರಬೇಕು ಎಂದುಕೊಂಡೆ. ನೆಲದಡಿಯಿಂದ ಯಾವ ಸದ್ದು ಹೋಗುತ್ತದೆ ಅಲ್ಲಿಗೆ!

ಏಪ್ರಿಲ್ 10, ಶುಕ್ರವಾರ

ಸುಮ್ಮನಿರುವವಳಲ್ಲ ನಾನು. ಅರ್ಜಿ ಬರೆದೆ. ‘ಮಾನ್ಯರೇ, ಹಾಡು ನಮಗೆ ಮೋಜಿಗಲ್ಲ, ನೀರಿನ ನೆನಪಿಗೆ.’ ಅರ್ಧ ಸುಳ್ಳು. ಮೋಜಿಗೂ ಹೌದು. ಆದರೆ ಅರ್ಜಿಯಲ್ಲಿ ಅರ್ಧ ಸಾಕು.

ಹದಿನಾಲ್ಕು ಜನರಲ್ಲಿ ಹದಿಮೂರು ಸಹಿ. ಅಕ್ಕ ಕನ್ನಡಕ ತಂದಿಲ್ಲ ಎಂದಳು. ಸಹಿ ಹಾಕಲು ಕನ್ನಡಕ ಯಾಕೆ? ನಾಳೆ ಹಾಕುತ್ತಾಳಂತೆ.

ಏಪ್ರಿಲ್ 17, ಶುಕ್ರವಾರ, ಸಂಜೆ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ನಡೆದಿರಲಿಲ್ಲ. ಅರ್ಜಿಗೆ ಉತ್ತರವೂ ಇಲ್ಲ.

ಇವತ್ತು ನಡೆಯಿತು. ಹನ್ನೊಂದೂವರೆಗೆ ಹೊಸಬಳು ಕುಸಿದು ಬಿದ್ದಳು. ತಲೆ ಟ್ರಾಲಿಯ ಅಂಚಿಗೆ ಬಡಿದು ಮೂರು ಹೊಲಿಗೆ. ಬೆಳಗಿನಿಂದ ನೀರೇ ಕುಡಿದಿರಲಿಲ್ಲವಂತೆ. “ಮರ್ತೇ ಹೋಯ್ತು, ಒಂದಾದ್ಮೇಲೊಂದು ಬರ್ತಾನೇ ಇತ್ತಲ್ಲ” ಎಂದಳು. ಮದುವೆಯಾಗಿ ನಾಲ್ಕು ತಿಂಗಳಾಗಿಲ್ಲ. ಮುಖ ಒಗೆದ ಬಟ್ಟೆಯ ಹಾಗಿತ್ತು.

ಸೂಪರ್‌ವೈಸರ್ ತಮ್ಮ ಕೋಣೆಯ ಟೇಬಲ್ ಫ್ಯಾನನ್ನು ತಾವೇ ಎತ್ತಿಕೊಂಡು ಬಂದರು. ಕೆಟ್ಟವರಲ್ಲ. ಆದರೆ ನನಗೆ ಕರುಣೆ ತೋರಿಸಲು ಈಗ ಪುರುಸೊತ್ತಿಲ್ಲ.

ಏಪ್ರಿಲ್ 18, ಶನಿವಾರ

ಬೆಳಿಗ್ಗೆಯೇ ಅವರ ಬಾಗಿಲ ಮುಂದೆ ನಿಂತೆ. ಹಾಡಿದ್ದಾಗ ದಿನಕ್ಕೆ ಹದಿನಾಲ್ಕು ಸಲ ನೀರು. ಈಗ ಮೂರು, ಹೆಚ್ಚೆಂದರೆ ನಾಲ್ಕು. ಹೇಳಿದೆ.

“ಅಷ್ಟೇ ತಾನೆ? ಅರ್ಧ ಗಂಟೆಗೊಂದ್ಸಲ ಬೆಲ್ ಹೊಡ್ಸೋಣ.”

ಹೊಡೆಸಿದರು. ರೋಲರಿನಲ್ಲಿ ಬಟ್ಟೆ ಸಿಕ್ಕಿಹಾಕಿಕೊಂಡಾಗ ಹೊಡೆಯುವುದೂ ಅದೇ ಥರದ ಬೆಲ್. ಮೊದಲ ಸಲಕ್ಕೆ ಹೊಸಬಳ ಜಾಗದಲ್ಲಿ ನಿಂತಿದ್ದವಳು ಕೆಂಪು ಗುಂಡಿ ಒತ್ತಿ ಇಡೀ ಲೈನ್ ನಿಲ್ಲಿಸಿದಳು. ಎರಡನೇ ಸಲ ಎಲೆಕ್ಟ್ರಿಷಿಯನ್ ಮೆಟ್ಟಿಲಿಳಿದು ಓಡಿ ಬಂದ. ಮೂರನೇ ಸಲ ನಿಜವಾಗಿಯೂ ಸಿಕ್ಕಿಹಾಕಿಕೊಂಡಿತ್ತು, ಎಲ್ಲರೂ ನೀರು ಕುಡಿಯಲು ಹೋಗಿದ್ದೆವು.

ಮಧ್ಯಾಹ್ನಕ್ಕೆ ಬೆಲ್ ಬಂದ್.

ಏಪ್ರಿಲ್ 21, ಮಂಗಳವಾರ

ಸೂಪರ್‌ವೈಸರ್ ಕರೆದು ಹೇಳಿದರು— “ನೋಡಿ, ನಂದೇನೂ ಅಡ್ಡಿ ಇಲ್ಲ. ಕಂಪ್ಲೇಂಟ್ ಕೊಟ್ಟೋರು ಬಂದು ಪರ್ವಾಗಿಲ್ಲ ಅಂದ್ರೆ ಸ್ಪೀಕರ್ ಕೊಡ್ತೀನಿ. ಹೆಸರು ಮಾತ್ರ ನನ್ನ ಬಾಯಿಂದ ಬರಲ್ಲ.”

“ಮೇಲಿನ ವಾರ್ಡಿನೋರಾ ಸರ್?”

“ಮೇಲಿನೋರಲ್ಲ.”

ಹಾಗಾದರೆ ನಮ್ಮವರೇ. ಹದಿನಾಲ್ಕರಲ್ಲಿ ಒಬ್ಬರು. ಮನೆಗೆ ಬರುವ ದಾರಿಯುದ್ದಕ್ಕೂ ಒಬ್ಬೊಬ್ಬರ ಮುಖ ನೆನೆಸಿಕೊಂಡು ಬೈದೆ. ಅಕ್ಕನೊಬ್ಬಳನ್ನು ಬಿಟ್ಟು.

ಏಪ್ರಿಲ್ 22, ಬುಧವಾರ

ಅಕ್ಕನೇ.

ಊಟದ ಹೊತ್ತಿನಲ್ಲಿ ಸ್ಟೂಲ್ ಹತ್ತಿ ಕೇಳಿದ್ದೆ, ಯಾರೆಂದು ಹೇಳಿ, ಜಗಳ ಆಡಲ್ಲ ಎಂದು. ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಮಡಿಸಿದ್ದನ್ನು ಜೋಡಿಸುವ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

“ನಾನು ಕಣೇ.”

ಏನು ಹೇಳಿದೆನೋ ಎಲ್ಲ ನೆನಪಿಲ್ಲ. ಹನ್ನೊಂದು ವರ್ಷ ಎಂದೆ. ಬೆನ್ನಿಗೆ ಚೂರಿ ಎಂದೆ. ಹೊಸಬಳ ಹೊಲಿಗೆ ನಿನ್ನದೇ ಎಂದೆ. ಅದನ್ನು ಹೇಳಬಾರದಿತ್ತು. ಅಕ್ಕ ತಿರುಗಿಯೂ ನೋಡಲಿಲ್ಲ. ಆಗ ಹೊಳೆಯಿತು— ಅವಳಿಗೆ ಕೇಳಿಸುತ್ತಿಲ್ಲ. ಹೆಗಲು ಹಿಡಿದು ತಿರುಗಿಸಿದೆ. ಅವಳ ಕಣ್ಣು ನನ್ನ ತುಟಿಯ ಮೇಲಿತ್ತು.

ರವಿಕೆಯ ತೋಳು ಮೇಲೆ ಸರಿಸಿದಳು. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಗುರುತು. ಹೋದ ಬೇಸಿಗೆಯದ್ದು. ನಾನು ಟ್ರಾಲಿ ತಳ್ಳಿಕೊಂಡು ಮೇಲೆ ಹೋಗಿದ್ದ ದಿನ. ರೋಲರಿನಲ್ಲಿ ಸಿಕ್ಕ ಬೆಡ್‌ಶೀಟನ್ನು ಅಕ್ಕ ಎಳೆಯುತ್ತಿದ್ದಳು. ಆ ತುದಿಯವಳು ಕೈ ತೆಗಿ ಎಂದು ಕೂಗಿ ಮಷಿನ್ ಶುರು ಮಾಡಿದಳು, ಹಾಡಿನ ಸದ್ದಿನಲ್ಲಿ ಅಕ್ಕನಿಗೆ ಕೇಳಿಸಲಿಲ್ಲ.

“ಹಾಡಿಲ್ದಿದ್ರೆ ಹೆಂಗೋ ನಿಭಾಯಿಸ್ತೀನಿ. ಅಷ್ಟಿಷ್ಟು ಕೇಳ್ಸುತ್ತೆ, ಮಿಕ್ಕಿದ್ದು ಮುಖ ನೋಡಿ ಗೊತ್ತಾಗುತ್ತೆ. ಹಾಡು ಇದ್ರೆ ಎಲ್ಲಾ ಕಲಸಿಹೋಗುತ್ತೆ ಕಣೇ. ಈ ವರ್ಷ ಇನ್ನೂ ಜಾಸ್ತಿ.”

“ನಂಗೆ ಹೇಳ್ಬಾರ್ದಿತ್ತಾ?”

“ಹೆಂಗೆ ಹೇಳ್ಲಿ? ಬೇಸಿಗೆ ಬಂತು ಅಂದ್ರೆ ನೀನು ಚಿಕ್ಕ ಮಗು ಥರ ಆಗ್ತೀಯ. ಆ ಪಟ್ಟಿ ಹಿಡ್ಕೊಂಡು ಕುಣೀತೀಯ. ನಿನ್ನ ಮುಂದೆ ನಿಂತ್ಕೊಂಡು ಹಾಡು ಬೇಡ ಅನ್ಲಾ?”

ಡಾಕ್ಟರಿಗೆ ತೋರಿಸಿದೆಯಾ ಎಂದೆ. ತೋರಿಸಿಲ್ಲ. ಗೊತ್ತಾದರೆ ರೋಲರಿನಿಂದ ತೆಗೆದು ಕೊಳೆ ಬಟ್ಟೆ ವಿಂಗಡಿಸುವ ಕಡೆ ಹಾಕುತ್ತಾರೆ ಎಂಬ ಭಯ. ಅಲ್ಲಿ ಒಬ್ಬಳೇ, ಮಾಸ್ಕ್ ಹಾಕಿಕೊಂಡು. ಯಾರ ಮುಖವೂ ಕಾಣುವುದಿಲ್ಲ.

ಏಪ್ರಿಲ್ 23, ಗುರುವಾರ

ಇವತ್ತು ಹಾಡಿಲ್ಲ. ಮನೆಯಲ್ಲೂ ಹಾಕಲಿಲ್ಲ. ಹುಷಾರಿಲ್ವಾ ಎಂದು ಗಂಡ ಹಣೆ ಮುಟ್ಟಿ ನೋಡಿದರು.

ಏಪ್ರಿಲ್ 26, ಭಾನುವಾರ

ಮೂರು ದಿನ ಯೋಚಿಸಿದೆ. ಅಕ್ಕನೂ ಬೇಕು, ನೀರೂ ಬೇಕು, ಹಾಡೂ ಬೇಕು. ಮೂರರಲ್ಲಿ ಯಾವುದನ್ನೂ ಬಿಡುವುದಿಲ್ಲ.

ಗಂಡನಿಗೆ ಎಲ್ಲ ಹೇಳಿದೆ. ಮೂವತ್ತು ವರ್ಷ ಬಸ್ ಓಡಿಸಿದವರು. ನನ್ನ ಆಲ್ಬಂಗಳೆಲ್ಲ ಅವರಿಗೆ ಒಂದೇ ಥರ ಕೇಳಿಸುತ್ತವೆ, ಅದನ್ನು ಮುಚ್ಚಿಟ್ಟಿದ್ದೂ ಇಲ್ಲ. ಆದರೆ ಇವತ್ತು ಒಂದು ಮಾತು ಹೇಳಿದರು— “ಎಂಜಿನ್ ಕೆಟ್ಟಿದ್ರೆ ನಂಗೆ ಕಿವಿಗಿಂತ ಮೊದ್ಲು ಪಾದಕ್ಕೆ ಗೊತ್ತಾಗುತ್ತೆ ಕಣೆ.”

ಹತ್ತಿ ತಂದು ಎರಡೂ ಕಿವಿಗೆ ತುರುಕಿಕೊಂಡೆ. ಮೇಲೆ ದಪ್ಪ ಟವೆಲ್ ಸುತ್ತಿಕೊಂಡೆ. ಸ್ಪೀಕರನ್ನು ಮರದ ಮೇಜಿನ ಮೇಲಿಟ್ಟು, ಅಂಗೈ ಊರಿ, ಏಳು ಆಲ್ಬಮ್ಮನ್ನೂ ಕೇಳಿದೆ. ಬೆಳಿಗ್ಗೆ ಎಂಟರಿಂದ ಮೂರರವರೆಗೆ. ಗಂಡನೇ ಅಡುಗೆ ಮಾಡಿದರು.

‘ಖಾಲಿ ಈಜುಕೊಳ’ ಪೂರ್ತಿ ಮಾಯ. ಆ ನಿದ್ದೆಗಣ್ಣಿನ ದನಿ, ಆ ಗಿಟಾರು, ಯಾವುದೂ ಇಲ್ಲ. ‘ಮೂರು ಗಂಟೆಯ ಬಸ್ಸು’ ಆಲ್ಬಮ್ಮಿನಲ್ಲಿ ಹಾಡುವ ಮೂವರು ಅಕ್ಕತಂಗಿಯರೂ ಇಲ್ಲ. ಅಂಗೈ ಕೆಳಗೆ ಬರೀ ಮರ. ‘ಛತ್ರಿ ರಿಪೇರಿ’ ಎಲ್ಲೋ ದೂರದಲ್ಲಿ ಯಾರೋ ಪಾತ್ರೆ ಸರಿಸಿದ ಹಾಗೆ. ‘ಉಪ್ಪು’ ಮಾತ್ರ ನಿಂತಿತು. ಆ ಡೋಲು ಅಂಗೈಯಿಂದ ಹೊರಟು ಮೊಣಕೈವರೆಗೆ ಬಂತು.

ಪಟ್ಟಿಗೆ ಗೀಟು ಎಳೆದೆ. ಆರು ಹೋದವು. ‘ಖಾಲಿ ಈಜುಕೊಳ’ದ ಮೇಲೆ ಗೀಟು ಎಳೆಯುವಾಗ ಪೆನ್ನು ಎರಡು ಸಲ ನಿಂತಿತು. ಇರಲಿ. ಭಾನುವಾರ ಮನೆಯಲ್ಲಿ ಕೇಳುತ್ತೇನೆ. ಅಟ್ಟದಿಂದ ಹಳೇ ಪೆಟ್ಟಿಗೆ ಇಳಿಸಿದೆ. ಬೇಸ್ ಇರುವಂಥವು, ಡೋಲು ಇರುವಂಥವು, ಮಧ್ಯೆ ಮಧ್ಯೆ ಮಾಯವಾಗದಂಥವು ಬೇಕು. ಇನ್ನೂ ಆರು.

ಏಪ್ರಿಲ್ 28, ಮಂಗಳವಾರ

ಅಕ್ಕನನ್ನು ಮೂರನೇ ಮಹಡಿಗೆ ಕರೆದುಕೊಂಡು ಹೋದೆ. ಕರೆದುಕೊಂಡು ಅನ್ನುವುದಕ್ಕಿಂತ ಎಳೆದುಕೊಂಡು. ಲಿಫ್ಟಿನಲ್ಲಿ ಮೂರು ಸಲ ಕೆಳಗಿನ ಗುಂಡಿ ಒತ್ತಿದಳು, ನಾನು ಮೂರು ಸಲ ಮೇಲಿನದು. ಲಿಫ್ಟ್‌ನಲ್ಲಿದ್ದ ನರ್ಸ್ ಇಬ್ಬರನ್ನೂ ನೋಡಿ ಮೆಟ್ಟಿಲು ಹಿಡಿದರು.

ಕಿವಿ ಡಾಕ್ಟರಮ್ಮ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ದೋಷ ಎಡಗಿವಿಯಲ್ಲಿ ಹೆಚ್ಚು, ಬಲಗಿವಿಯಲ್ಲಿ ಕಡಿಮೆ. ಕಿವಿಗೆ ಮಷಿನ್ ಹಾಕಬಹುದು. ಕೆಲಸ ಬಿಡಬೇಕಿಲ್ಲ. “ರೋಲರ್ ಬೆಲ್ ಜೊತೆ ಒಂದು ದೀಪ ಹಾಕ್ಸಿ ಸಾಕು” ಎಂದು ಕಾಗದದಲ್ಲಿ ಬರೆದುಕೊಟ್ಟರು.

ಅದನ್ನು ಹಿಡಿದು ಇಬ್ಬರೂ ಸೂಪರ್‌ವೈಸರ್ ಮುಂದೆ ನಿಂತೆವು. ಅಕ್ಕ ನನ್ನ ಸೆರಗಿನ ತುದಿ ಹಿಡಿದಿದ್ದಳು, ಐವತ್ತಮೂರು ವರ್ಷದವಳು.

ಕಾಗದ ಎರಡು ಸಲ ಓದಿದರು, ಅಕ್ಕ ತೋರಿಸಿದ ತೋಳು ನೋಡಿದರು. ಕನ್ನಡಕ ತೆಗೆದರು.

“ಒಂದು ಬಲ್ಬಿಗೋಸ್ಕರ ಇಷ್ಟು ದಿನ ಕೈ ಸುಟ್ಕೊಂಡು ಸುಮ್ನಿದ್ರಾ ನೀವು?”

ಅಕ್ಕ ಅವರ ತುಟಿ ನೋಡಿ ಹೇಳಿದಳು— “ಬಲ್ಬು ಹಾಕ್ತೀರ ಅಂತ ನಂಗೇನು ಗೊತ್ತು ಸರ್. ಜಾಗ ಬದಲಾಯಿಸ್ತೀರ ಅಂತ ಗೊತ್ತಿತ್ತು.”

ಅವರು ಕೂಡಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಮೇ 6, ಬುಧವಾರ

ರೋಲರಿನ ಎರಡೂ ತುದಿಯಲ್ಲಿ ಕೆಂಪು ದೀಪ. ಸ್ಪೀಕರ್ ಕಪಾಟಿನಿಂದ ಹೊರಗೆ. ಈಗ ಅದರ ಜಾಗ ಗೋಡೆಯ ಮೊಳೆ ಅಲ್ಲ, ನಾವು ಮಡಿಸುವ ಮರದ ಮೇಜು. ಸದ್ದು ಅರ್ಧಕ್ಕರ್ಧ ಇಳಿಸಿದ್ದೇನೆ. ಕೂಗಿದರೆ ಕೇಳುತ್ತದೆ. ಹೊಸಬಳು ಹೊಲಿಗೆ ಬಿಚ್ಚಿಸಿಕೊಂಡು ಬಂದು ಆ ತುದಿಯಿಂದ ಕೂಗಿ ನೋಡಿದಳು, ಐದು ಸಲ, ಖುಷಿಗೆ.

ಸೈಡ್ ಮುಗಿದದ್ದನ್ನು ಹೇಳುವ ಕೆಲಸ ತನಗೆ ಬೇಕೆಂದು ಅಕ್ಕ ಕೇಳಿದಳು. ಒಂದೊಂದು ಬೆಡ್‌ಶೀಟ್ ಮಡಿಸಿ ಇಡುವಾಗಲೂ ಮೇಜಿನ ಮೇಲೆ ಅಂಗೈ ಒತ್ತಿ ನೋಡುತ್ತಾಳೆ. ‘ಉಪ್ಪು’ ಎರಡನೇ ಸೈಡಿನಲ್ಲಿ ಒಂದು ಕಡೆ ಡೋಲು ನಿಂತು ಕಹಳೆ ಒಂದೇ ಇರುತ್ತದೆ, ಒಂದೂವರೆ ನಿಮಿಷ. ಅಲ್ಲಿ ಅಕ್ಕ “ನೀರು!” ಎಂದು ಕೂಗಿಬಿಟ್ಟಳು. ತಪ್ಪೆಂದು ಯಾರೂ ಹೇಳಲಿಲ್ಲ. ಹದಿಮೂರು ಜನ ಲೋಟ ಎತ್ತಿದೆವು. ಸೈಡ್ ನಿಜವಾಗಿ ಮುಗಿದಾಗ ಮತ್ತೆ ಕೂಗಿದಳು. ಮತ್ತೆ ಕುಡಿದೆವು.

ಮಧ್ಯಾಹ್ನ ಎಲ್ಲರಿಗೂ ಒಂದೇ ಸಲ ಬಾತ್‌ರೂಮಿಗೆ ಹೋಗಬೇಕಾಯಿತು. ಸೂಪರ್‌ವೈಸರ್ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು, ಒಳಗೆ ಹೋದರು.

ಮೇ 10, ಭಾನುವಾರ, ಸಂಜೆ 4.15

ಅಕ್ಕನಿಗೆ ನಿನ್ನೆ ಕಿವಿಯ ಮಷಿನ್ ಬಂತು. ಇವತ್ತು ಮಧ್ಯಾಹ್ನ ಮನೆಗೆ ಬಂದಳು. ನನಗೆ ಸಂಭ್ರಮ. ಇಷ್ಟು ವರ್ಷ ಅವಳಿಗೆ ತಪ್ಪಿಹೋದದ್ದನ್ನೆಲ್ಲ ಒಂದೇ ದಿನ ಕೇಳಿಸಿಬಿಡಬೇಕೆಂದು ಪ್ಲೇಯರ್ ಎದುರು ಕುರ್ಚಿ ಹಾಕಿ ಕೂರಿಸಿದೆ. ‘ಖಾಲಿ ಈಜುಕೊಳ’ದ ಮೊದಲ ಸೈಡ್. ಅವಳ ಮುಖವನ್ನೇ ನೋಡುತ್ತಾ ನಿಂತೆ.

ಮುಗಿಯಿತು. ಮಷಿನ್ ಸರಿಪಡಿಸಿಕೊಂಡಳು.

“ಕೇಳ್ಸ್ತಾ ಅಕ್ಕಾ?”

“ಕೇಳ್ಸ್ತು. ತಗಡಿನ ಡಬ್ಬಿ ಒಳಗೆ ಕೂತು ಹಾಡಿದ ಹಾಗಿದೆ. ರೂಢಿ ಆಗುತ್ತೆ ಅಂದಿದಾರೆ ಡಾಕ್ಟ್ರಮ್ಮ.” ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. “ನಿಜ ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಹೇಳು.”

“ಕಿವಿ ಚೆನ್ನಾಗಿದ್ದಾಗ್ಲೂ ನಂಗೆ ನಿನ್ನ ಹಾಡು ಒಂದೂ ಇಷ್ಟ ಇರ್ಲಿಲ್ಲ ಕಣೇ. ಎಲ್ಲಾ ತೂಕಡಿಸೋ ಹಾಡು. ಬಿಸಿಲಲ್ಲಿ ಮೊದ್ಲೇ ನಿದ್ದೆ ಬರುತ್ತೆ, ಮೇಲಿಂದ ಇವನೊಬ್ಬ.”

ಒಳಗಿನಿಂದ ಗಂಡ ನಕ್ಕ ಸದ್ದು ಬಂತು. ಕೊನೆಗೂ ಅವರ ಪಕ್ಷಕ್ಕೊಬ್ಬರು ಸಿಕ್ಕರು.

ಹನ್ನೊಂದು ವರ್ಷ! ಸಿಟ್ಟು ಬರಬೇಕಿತ್ತು. ಅದರ ಬದಲು ಛಲ ಬಂತು. ಹಾಗಾದರೆ ನಿನಗೆ ಎಂಥದ್ದು ಬೇಕು ಎಂದೆ. ಓಡುವಂಥದ್ದು ಬೇಕಂತೆ. ಕೈ ತಾನಾಗಿ ಮಡಿಸುವಂಥದ್ದು. ಹಾಡುವವನು ಎದ್ದು ಹಲ್ಲುಜ್ಜಿ ಬಂದಿರಬೇಕಂತೆ.

ಅಂಥದ್ದನ್ನು ಹುಡುಕಿಯೇ ತೀರುತ್ತೇನೆ. ಅಕ್ಕ ಇಷ್ಟಪಡುವ ಒಂದಾದರೂ ಬೇಸಿಗೆಯ ಆಲ್ಬಂ ಈ ಮನೆಯಲ್ಲಿ ಇರಲೇಬೇಕು. ನೆಲದ ತುಂಬ ಕವರುಗಳು. ಅಕ್ಕ ಒಂದೊಂದನ್ನೇ ಎತ್ತಿ ಚಿತ್ರ ನೋಡಿಯೇ ಬೇಡ ಅನ್ನುತ್ತಿದ್ದಾಳೆ. ಇಪ್ಪತ್ತಮೂರು ಬೇಡಗಳಾದವು. ಇಪ್ಪತ್ತನಾಲ್ಕನೆಯದನ್ನು ಈಗ ಹಾಕಿದ್ದೇನೆ, ಕವರೇ ಇಲ್ಲದ್ದು, ನಾನೇ ಎಂದೂ ಕೇಳಿಲ್ಲ. ಡೋಲು ಜೋರಾಗಿದೆ. ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ. ಅಕ್ಕ ಬೇಡ ಅಂದಿಲ್ಲ, ಇನ್ನೂ. ಪಾದ ಅಲ್ಲಾಡಿದ ಹಾಗೆ— ತಡಿ, ನೋಡಿ ಬರೆಯುತ್ತೇ—