‘ಕೆಂಪು ಸೈಕಲ್’ ಹಾಡನ್ನು ತೆಗೆಯಬೇಡ

ಬಾಳಗಡಿ
ಮಂಗಳವಾರ

ಪ್ರೀತಿಯ ಅರ್ಪಿತಾ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ನರಸಿಂಹರಾಜಪುರದ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಮೂವತ್ತೈದು ವರ್ಷದ ಹಿಂದೆ ನಾನು ಕ್ಯಾಸೆಟ್ಟಿಗೆ ಹಾಡಿದ ‘ಕೆಂಪು ಸೈಕಲ್’ ಹಾಡನ್ನು ನೀನು ಗಿಟಾರ್ ನುಡಿಸುತ್ತ ನಿಧಾನವಾಗಿ, ಹೊಸದಾಗಿ ಹಾಡಿ ಯೂಟ್ಯೂಬಿಗೆ ಹಾಕಿದೆ. ಜನ ಬೈದರೆಂದು ಈಗ ಅದನ್ನು ತೆಗೆಯುತ್ತೀಯಂತೆ, ನಿನ್ನಪ್ಪ ಹೇಳಿದ. ತೆಗೆಯಬೇಡ.

ನಿನ್ನೆ ನನ್ನ ಹೊಲಿಗೆ ಅಂಗಡಿಯಲ್ಲೂ ಅದೇ ಜಗಳ. ರವಿಕೆಯ ಅಳತೆ ಕೊಡಲು ಬಂದ ಜಲಜಮ್ಮ, “ಕುಣಿಯೋ ಹಾಡನ್ನ ಜೋಗುಳ ಮಾಡಿಟ್ಟಿದಾಳಲ್ಲ ಮಾರಾಯ್ತಿ” ಎಂದರು. ಅವರ ಸೊಸೆ ಚೈತ್ರ, “ನಂಗಂತೂ ಅದ್ರಲ್ಲಿ ಎಂತ ಹೇಳಿದಾರೆ ಅಂತ ಈಗ್ಲೇ ಗೊತ್ತಾಗಿದ್ದು” ಎಂದಳು. ಇಬ್ಬರೂ ನನ್ನ ಕಡೆ ತಿರುಗಿದರು.

ಯಾರಿಗೂ ಹೇಳದಿದ್ದುದನ್ನು ಆಗ ಹೇಳಿದೆ. ಆ ಹಾಡನ್ನು ನಾನು ಕಲಿತದ್ದೇ ನಿಧಾನವಾಗಿ. ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆಂದು ರೆಕಾರ್ಡಿಂಗಿನವರು ಅದನ್ನು ವೇಗವಾಗಿ ಹಾಡಿಸಿಬಿಟ್ಟರು. ಅವತ್ತು ಬಸ್ಸಿನಲ್ಲಿ ಅಳುತ್ತ ಬಂದಿದ್ದೆ. ಆಮೇಲೆ ಮದುವೆ ಮನೆಗಳಲ್ಲಿ ಎಲ್ಲರೂ ಅದಕ್ಕೆ ಕುಣಿದರು, ನಾನೂ ಕುಣಿದೆ.

“ಹಂಗಾದ್ರೆ ಒಂದ್ಸಲ ನಿಧಾನಕ್ಕೆ ಹಾಡು, ಕೇಳನ” ಎಂದರು ಜಲಜಮ್ಮ. ಹಾಡಿದೆ. ಎರಡನೇ ಚರಣದಲ್ಲಿ ದನಿ ಒಡೆದರೂ ನಿಲ್ಲಿಸಲಿಲ್ಲ. ಅವರು ಕಣ್ಣು ಒರೆಸಿಕೊಂಡು, “ಇದೂ ಚಂದವೇ. ಆದ್ರೆ ಮದುವೆಗೆ ಹಳೇದೇ ಬೇಕು” ಎಂದರು. ಮೂವರೂ ನಕ್ಕೆವು.

ಭಾನುವಾರ ಗಿಟಾರ್ ತೆಗೆದುಕೊಂಡು ಬಾ. ನನಗೆ ಈಗ ಮೇಲಿನ ಸ್ವರ ಎಟಕುವುದಿಲ್ಲ, ಶ್ರುತಿ ಸ್ವಲ್ಪ ಕೆಳಗಿಡು. ಇಬ್ಬರೂ ಸೇರಿ ಹಾಡಿ ಹಾಕೋಣ. ಬೈಯುವವರು ನನ್ನನ್ನೂ ಬೈಯಲಿ.

ನಿನ್ನ ಅತ್ತೆ,
ವಾರಿಜಾ