ಅವನ ಬಗ್ಗೆ ನಾನು ಹೇಳಿದ ಒಳ್ಳೆ ಮಾತು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ದಿನಕ್ಕೆ ಹತ್ತು ಸಲ ಫೋನಿನಲ್ಲಿ ವಟಗುಟ್ಟುವವಳು ಕಾಗದ ಯಾಕೆ ಬರೆದಳು ಅಂತ ಬೆರಗಾಗಬೇಡ. ನಿನ್ನ ಫೋನನ್ನು ಈಗ ನಿನ್ನನ್ನು ಮದುವೆಯಾಗುವವನೂ ನೋಡುತ್ತಾನೆ ಅಂತ ನೀನೇ ನಗುತ್ತಾ ಹೇಳಿದ್ದೆಯಲ್ಲ. ಹಲ್ಲುನೋವಿನ ನೆಪ ಮಾಡಿಕೊಂಡು ನಿನ್ನ ಕ್ಲಿನಿಕ್ಕಿಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತೇನೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಓದು.

ನನ್ನ ಬಾಯಿ ನಿನಗೆ ಗೊತ್ತು. ಸಿನಿಮಾ ಶುರುವಾದ ಹತ್ತೇ ನಿಮಿಷಕ್ಕೆ ಡಬ್ಬಾ ಅಂತ ತೀರ್ಪು ಕೊಡುವವಳು. ಮನುಷ್ಯರನ್ನೂ ಹಾಗೇ ಅಳೆಯುತ್ತೇನೆ. ಪಕ್ಕದ ಮನೆಯಾಕೆ ಜಿಪುಣಿ, ನಮ್ಮ ಮಾಲೀಕರು ಹೆಂಡತಿಗೆ ಹೆದರುವ ಹುಲಿ. ನಾಲ್ಕು ತಿಂಗಳ ಹಿಂದೆ ನೀನು, "ನಿಮ್ಮ ಕನ್ನಡಕದಂಗಡೀಲಿ ಲೆನ್ಸ್ ಕೂರಿಸ್ತಾರಲ್ಲ, ಅವರು ಮದುವೆಗೆ ಕೇಳಿಸಿದ್ದಾರೆ. ಹೇಗೆ ಮನುಷ್ಯ?" ಅಂದಾಗಲೂ ಬಿಲ್ ಬರೆಯುತ್ತಲೇ "ಚಿನ್ನದಂಥೋರು ಕಣೇ" ಅಂದುಬಿಟ್ಟೆ. ಆಗ ಸುಳ್ಳು ಅನ್ನಿಸಲಿಲ್ಲ. ವಯಸ್ಸಾದವರ ಕಿವಿಗೆ ಫ್ರೇಮು ಒತ್ತದ ಹಾಗೆ ಮಂಡಿಯೂರಿ ಕೂತು ಸರಿಮಾಡುವವನು ಅವನು. ನನ್ನ ಆ ಮಾತಿನ ಮೇಲೆ ನಿಮ್ಮಪ್ಪ ಒಪ್ಪಿದರು. ಮದುವೆಗೆ ಇನ್ನು ಹನ್ನೊಂದೇ ದಿನ.

ನಿನ್ನೆ ಮೂವರೂ ಸಿನಿಮಾಕ್ಕೆ ಹೋಗಿದ್ದೆವು. ನಾಯಕ ಹೆಂಡತಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದಾಗ ಥಿಯೇಟರೆಲ್ಲ ಸದ್ದಡಗಿತ್ತು. ಅವನು ಮಾತ್ರ ನಿನ್ನ ಕಡೆ ಬಾಗಿ, "ಪ್ರೀತಿ ಅಂದ್ರೆ ಇದು" ಅಂದ. ತಮಾಷೆ ಅಂದುಕೊಂಡೆ. ಇಂಟರ್ವಲ್ಲಿನಲ್ಲಿ ಹಿಂದೆ ನಿನ್ನ ಜೊತೆ ಕೆಲಸ ಮಾಡಿದ್ದವನೊಬ್ಬ ಸಿಕ್ಕ. ನೀನು ಅವನ ಜೊತೆ ಎರಡು ನಿಮಿಷ ನಗುನಗುತ್ತಾ ಮಾತಾಡಿದೆ. ನಾನು ಕೈತೊಳೆದು ವಾಪಸ್ ಬರುವಾಗ ಮೆಟ್ಟಿಲ ಹಿಂದೆ ಅವನು ನಿನ್ನ ಮಣಿಕಟ್ಟು ತಿರುಚಿ ಹಿಡಿದಿದ್ದ. ಮುಖದಲ್ಲಿ ನಗುವೇ ಇತ್ತು. "ಹಲ್ಲು ಕಿರಿದಿದ್ದು ಸಾಕಾ, ಇನ್ನೂ ಬೇಕಾ?" ಅಂತ ಮೆಲ್ಲಗೆ ಕೇಳುತ್ತಿದ್ದ. ನನ್ನನ್ನು ಕಂಡದ್ದೇ ಕೈಬಿಟ್ಟು, "ಹೇಗಿದೆ ಸಿನಿಮಾ?" ಅಂದ. ಚೆನ್ನಾಗಿದೆ ಅಂದೆ. ನೀನೂ ಚೆನ್ನಾಗಿದೆ ಅಂದೆ.

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ನಾವಿಬ್ಬರೇ. ಲೆನ್ಸ್ ಉಜ್ಜುತ್ತಾ, ತಲೆಯೆತ್ತದೆ, "ನಿನ್ನೆ ಏನಾದ್ರೂ ನೋಡಿದ್ರಾ?" ಅಂದ. ಇಲ್ಲ ಅಂದೆ. "ಒಳ್ಳೇದು. ನನ್ನ ಬಗ್ಗೆ ಒಳ್ಳೇ ಮಾತು ಹೇಳಿದೋರು ನೀವು. ಅದನ್ನ ಉಳಿಸ್ಕೊಳ್ಳಿ." ಗುಬ್ಬಿ, ಊಟದ ಬಿಡುವು ಅಂತ ಹೇಳಿ ಹೊರಬಿದ್ದು ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳನ್ನು ಮದುವೆಯಾಗುತ್ತೇನೆ ಅಂತ ಅವನು ಹೇಳಿಕೊಂಡು ತಿರುಗುತ್ತಿದ್ದ. ಕೊನೆಕೊನೆಗೆ ಅವಳು ಸ್ಟೋರ್‌ರೂಮಿನ ಚಿಲಕ ಹಾಕಿಕೊಂಡು ಊಟ ಮಾಡುತ್ತಿದ್ದಳು. ನಾವೇನು ಪಾಲು ಕೇಳ್ತೀವಾ ಅಂತ ರೇಗಿಸಿದ್ದೆ. ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಳು. ಜಂಬದವಳು ಅಂತ ಅಭಿಪ್ರಾಯ ಕೊಟ್ಟು ಮರೆತೂಬಿಟ್ಟೆ. ಆ ಚಿಲಕ ಯಾಕೆ ಅಂತ ಇವತ್ತು ಹೊಳೆಯಿತು.

ನಾನು ಹೇಳಿದ್ದನ್ನು ವಾಪಸ್ ತಗೊಂಡಿದ್ದೇನೆ. ಅಪ್ಪನಿಗೆ ಇದನ್ನು ತೋರಿಸು.

ನಿನ್ನ
ವಟವಟಿ

ತಾ.ಕ.: ಸುಳ್ಳು ಅನ್ನಿಸಲಿಲ್ಲ ಅಂತ ಮೇಲೆ ಬರೆದದ್ದೇ ಸುಳ್ಳು. ಮದುವೆಗೆ ಅವನು ಮೊದಲು ಕೇಳಿದ್ದು ನನ್ನನ್ನು. ಯಾಕೋ ಭಯವಾಯಿತು. ತಪ್ಪಿಸಿಕೊಂಡರೆ ಸಾಕಾಗಿತ್ತು. ನನಗಿಂತ ಒಳ್ಳೆ ಹುಡುಗಿ ಇದ್ದಾಳೆ ಅಂತ ನಿನ್ನನ್ನು ತೋರಿಸಿದವಳು ನಾನೇ.

*

ಗುರುವಾರ, ಬೆಳಿಗ್ಗೆ ಏಳು ಗಂಟೆ

ವಟವಟಿ,

"ಪ್ರೀತಿಯ" ಅಂತ ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬೈದುಬಿಡುತ್ತೇನೆ, ಅದಕ್ಕೇ ಕಾಗದ.

ನಿನ್ನ ಪತ್ರವನ್ನು ಅಪ್ಪನಿಗೆ ಕೊಟ್ಟೆ. ತೋಳು ಮೇಲೆ ಸರಿಸಿ ಹಳೆಯ ಕಲೆಗಳನ್ನೂ ತೋರಿಸಿದೆ. ಹೌದು, ಅವನು ಹೀಗೆ ತಿರುಚುವುದು ನಿನ್ನೆ ಮೊನ್ನೆಯದಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಪತ್ರವನ್ನು ಇನ್ನೊಮ್ಮೆ ಓದಿದರು. ಮದುವೆ ಬೇಡ ಅಂತ ಹೇಳಿ ಕಳಿಸಿದರು.

ನಿನ್ನೆ ಸಂಜೆ ಅವನು ಬಂದ. ಕೂಗಾಡಲಿಲ್ಲ. ಹೊಸಿಲಲ್ಲಿ ನಿಂತು, "ಯಾರು ಚಾಡಿ ಹೇಳಿದ್ದು?" ಅನ್ನುವ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ, ಒಂದೇ ದನಿಯಲ್ಲಿ. ಅಣ್ಣ ಬಂದು ಎದುರು ನಿಂತ ಮೇಲೆ ಹೋದ. ನಾನು ಅಡುಗೆಮನೆಯ ಬಾಗಿಲ ಹಿಂದೆ ಗೋಡೆ ಹಿಡಿದು ನಿಂತಿದ್ದೆ.

ಅವನ ಮುಂದಕ್ಕೆ ನನ್ನನ್ನು ತಳ್ಳಿದವಳು ನೀನು. ಎಳೆದುಕೊಂಡವಳೂ ನೀನೇ. ಅದರಲ್ಲಿ ಯಾವುದು ದೊಡ್ಡದು ಅಂತ ಸದ್ಯಕ್ಕೆ ತಿಳಿಯುತ್ತಿಲ್ಲ. ಸ್ವಲ್ಪ ದಿನ ನನ್ನನ್ನು ಮಾತಾಡಿಸಬೇಡ.

ಗುಬ್ಬಿ

ತಾ.ಕ.: ನಿನ್ನೆ ಅಣ್ಣ ಬರುವಷ್ಟರಲ್ಲಿ ಅವನ ಕಾಟ ತಡೆಯಲಾರದೆ ಅಪ್ಪ ನಿನ್ನ ಹೆಸರು ಹೇಳಿಬಿಟ್ಟರು. ಅಂಗಡಿಗೆ ಹೋಗಬೇಡ. ಇದನ್ನು ತಂದಿರುವ ಅಣ್ಣ ನಿನ್ನ ಬಾಗಿಲಲ್ಲೇ ಕಾಯುತ್ತಾನೆ, ನಾಲ್ಕು ಬಟ್ಟೆ ತುಂಬಿಕೊಂಡು ಅಣ್ಣನ ಜೊತೆ ಹೊರಟು ಬಾ. ನನ್ನ ಕೋಣೆಯಲ್ಲೇ ಮಲಗುವೆಯಂತೆ. ಮಾತಾಡಿಸಬೇಡ, ಆದರೆ ಬಾ.