ಪೆಡಲ್ ಹಿಂದಿನ ಸೀಮೆಸುಣ್ಣ

ಮಾರ್ಚ್ 18, ಸೋಮವಾರ

ಪೆಡಲಿನಿಂದ ಎಂಜಿನ್ನಿಗೆ ಹೋಗುವ ಥ್ರಾಟಲ್ ಕೇಬಲ್ ಮತ್ತೆ ಬದಲಿಸಿದೆ. ಈ ತಿಂಗಳು ಮೂರನೆಯದು. ಟ್ರ್ಯಾಕಿಗಿಳಿದರೆ ಹಾಡಿದ್ದೇ ಹಾಡು... ಅರ್ಧ ದಾರಿ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಕಾರಿಗೆ ಉಸಿರೇ ಇಲ್ಲ. ಕಾಲು ಮೈಲಿಗೆ ಒಂದು ಸೆಕೆಂಡ್ ಜಾಸ್ತಿ. ನೇರ ದಾರಿಯ ಈ ಡ್ರ್ಯಾಗ್ ರೇಸಿನಲ್ಲಿ ಒಂದು ಸೆಕೆಂಡ್ ಅಂದರೆ ಮನೆಗೆ ಹೋಗಿ ಮಲಗಬಹುದು.

ಕಾರು ಓಡಿಸಿ ಬಂದ ತಂಗಿ ಹೆಲ್ಮೆಟ್ ತೆಗೆದಳು. "ನಾನು ಪೂರ್ತಿ ಒತ್ತಿದೀನಿ ಅಣ್ಣ. ನಿನ್ನ ಕೇಬಲ್ಲೇ ಎಳೀತಿಲ್ಲ."

ಕಾರಿನ ಯಜಮಾನರು ನನ್ನ ಮುಖ ನೋಡಿದರು. ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 19

ಎಲ್ಲ ಬಿಚ್ಚಿದೆ, ತೊಳೆದೆ, ಜೋಡಿಸಿದೆ. ನಿಂತ ಕಾರಿನಲ್ಲಿ ನಾನು ಪೆಡಲ್ ಒತ್ತಿದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಪೂರ್ತಿ ತೆರೆಯುತ್ತದೆ. ಕರ್ಮ! ಅದನ್ನು ವಾಪಸ್ ಮುಚ್ಚುವ ಸ್ಪ್ರಿಂಗ್ ಈಗ ಎರಡು ಹಾಕುತ್ತೇನೆ. ಹೋದ ವರ್ಷ ಒಂದೇ ಇತ್ತು, ತುಂಡಾಯಿತು. ತಂಗಿ ಕಾಲು ತೆಗೆದರೂ ಕಾರು ನಿಲ್ಲಲಿಲ್ಲ, ಮರಳಗುಡ್ಡೆಗೆ ನುಗ್ಗಿತು. ಅವಳ ಭುಜದ ಮೂಳೆ ಮುರಿಯಿತು. ಒಂದೇ ಸಾಕು ಅಂದವನು ನಾನು. ಆಸ್ಪತ್ರೆಯಲ್ಲಿ ಒಂದು ಮಾತೂ ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ಗಡುವು ಕೊಟ್ಟರು — ಭಾನುವಾರ. ತಪ್ಪು ಕಾರಿನದಾದರೆ ನಾನು ಹೊರಗೆ, ಡ್ರೈವರದಾದರೆ ಅವಳು.

ಮಾರ್ಚ್ 22, ಶುಕ್ರವಾರ, ಮಧ್ಯಾಹ್ನ

ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ ಉಪಾಯ ನೆನಪಾಯಿತು. ಪೆಡಲ್ ತಳ ಮುಟ್ಟಿದಾಗ ತಾಗುವ ಬೋಲ್ಟಿಗೆ ಸೀಮೆಸುಣ್ಣ ಬಳಿಯುವುದು. ಪೂರ್ತಿ ಒತ್ತಿದರೆ ಪೆಡಲ್ ಬೆನ್ನಿಗೆ ಬಿಳಿ ಗುರುತು ಬೀಳಲೇಬೇಕು. ಬಳಿದೆ. ತಂಗಿಗೆ ಹೇಳಲಿಲ್ಲ.

ಸಂಜೆ

ಮೂರು ಓಟ. ಒಂದು ಗುರುತೂ ಇಲ್ಲ.

ಕೇಬಲ್ಲಲ್ಲ, ಸ್ಪ್ರಿಂಗಲ್ಲ... ಕಾಲು. ಮೂರು ವಾರ ಬೆರಳು ಸುಲಿದುಕೊಂಡದ್ದು ಇದಕ್ಕಾ! ಜನ್ಮ ಜಾಲಾಡಿಬಿಡೋಣ ಅಂತ ಹೋದೆ. ಟೈರಿನ ಮೇಲೆ ಕೂತು ಆ ಭುಜವನ್ನೇ ತಿಕ್ಕುತ್ತಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮಾರ್ಚ್ 24, ಭಾನುವಾರ

ಯಜಮಾನರು ಕೇಳಿದರು. ತಪ್ಪು ನನ್ನದೇ, ಜೋಡಣೆ ಸರಿಯಿಲ್ಲ ಅಂದೆ. ಹೋದ ವರ್ಷ ಹೇಳಬೇಕಿದ್ದ ಮಾತು, ಈಗ ಹೇಳಿದೆ. ಇವತ್ತೇ ಕೊನೆ, ಸಾಮಾನು ಕಟ್ಟಿಕೋ ಅಂದರು.

ಸ್ಪ್ಯಾನರ್‌ಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ಕಾರಿನಲ್ಲಿ ಕೂತಿದ್ದ ತಂಗಿ, ನಾನೇನು ಎಡವಟ್ಟು ಮಾಡಿದ್ದೇನೆ ಎಂದು ನೋಡಲೋ ಏನೋ, ಪೆಡಲ್ ಹಿಂದಿನ ಬೋಲ್ಟಿಗೆ ಕೈ ಹಾಕಿದಳು. ಬೆರಳು ಬೆಳ್ಳಗಾಯಿತು. ಅದನ್ನೇ ನೋಡಿದಳು. ನನ್ನನ್ನು ನೋಡಿದಳು.

"ಸ್ಪ್ರಿಂಗ್ ಎರಡಿದೆ ತಾನೆ?"

ಇದೆ ಅಂದೆ.

"ಹಾಗಾದ್ರೆ ಸೀಮೆಸುಣ್ಣ ಮತ್ತೆ ಹಚ್ಚು."

ಹಚ್ಚಿದೆ. ಅವಳು ಕಾರನ್ನು ಟ್ರ್ಯಾಕಿಗೆ ಒಯ್ದಳು. ಹಸಿರು ದೀಪ. ಅರ್ಧ ದಾರಿ ದಾಟಿತು — ಸದ್ದು ಇಳಿಯಲಿಲ್ಲ. ಸಮಯದ ಬೋರ್ಡ್ ನೋಡಲಿಲ್ಲ, ಕಾರು ನಿಂತ ಕಡೆಗೆ ಓಡಿದೆ. ಅವಳಿನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ. ಬಗ್ಗಿ ಪೆಡಲ್ ಬೆನ್ನು ಸವರಿದೆ. ಬೆರಳ ತುದಿಗೆ ಬಿಳಿ ಹತ್ತಿತ್ತು.